ಎರಡು ಲೇಸಿನ ಬೂಟು

೪ ಜೂನ್ ೨೦೧೮, ಸೋಮವಾರ

ಇವತ್ತು ಹದಿನೇಳು ಜನರ ಕಾಲು ಮುಟ್ಟಿದೆ. ಎಣಿಸಬಾರದು ಎಂದುಕೊಂಡರೂ ಎಣಿಸಿದೆ. ಹಿಮ್ಮಡಿ ಬಿರಿದ ಕಾಲು, ಉಗುರಿನ ಸಂದಿಯಲ್ಲಿ ಎರೆಮಣ್ಣು ಕೂತ ಕಾಲು, ವಾರದಿಂದ ತೊಳೆಯದ ಸಾಕ್ಸಿನಿಂದ ಹೊರಬಂದು ಬೆಂದ ಬದನೆಕಾಯಿಯಂತೆ ಹಬೆಯಾಡುವ ಕಾಲು. ಒಬ್ಬನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಅವನು ಅದನ್ನು ನನ್ನ ಮುಖದ ಮುಂದೆ ಅಲ್ಲಾಡಿಸಿ, "ಇದಕ್ಕ ತಾಗಬಾರದು ನೋಡ್ರಿ" ಅಂದ.

ಮಧ್ಯಾಹ್ನ ಬುತ್ತಿ ಬಿಚ್ಚಿದೆ, ಉಣ್ಣಲಾಗಲಿಲ್ಲ. ಎರಡು ಸಲ ಸಾಬೂನು ಹಚ್ಚಿ ತೊಳೆದರೂ ಕೈ ನನ್ನದು ಅನ್ನಿಸಲಿಲ್ಲ. ಸಂಜೆ ಮನೆಯಲ್ಲಿ ಸುಂದ್ರಮ್ಮನಿಗೆ ಚಮಚ ಕೇಳಿದೆ.

"ಕೈಗೆ ಏನರೆ ಆಗ್ಯಾದೇನ್ರಿ?" ಅಂದಳು.

"ಆಗ್ಯಾದ" ಅಂದೆ. ಹೆಂಡತಿಗೆ ಇನ್ನೇನು ಹೇಳಲಿ.

ಇಪ್ಪತ್ತೆರಡು ವರ್ಷ ಈ ಕೈ ಸುರಪುರದಲ್ಲಿ ಬೋರ್ಡು ಬರೆದಿದೆ. ಕಿರಾಣಿ ಅಂಗಡಿ, ದವಾಖಾನೆ, ಸಾಲಿಯ ಗೋಡೆ. ಕಡೆಯ ದೊಡ್ಡ ಕೆಲಸ ಕಾಲುವೆಯದು: ದಂಡೆಯುದ್ದಕ್ಕೂ ಕಲ್ಲಿನ ಮೇಲೆ ಕಿಲೋಮೀಟರ್ ಅಂಕಿ, ಪ್ರತಿ ಸೇತುವೆಗೆ 'ಇಲ್ಲಿ ಈಜಬಾರದು'. ಆಮೇಲೆ ಎಲ್ಲ ಕಡೆ ಫ್ಲೆಕ್ಸ್ ಬಂತು. ಕುಂಚ ಒಣಗಿತು. ಶಹಾಪುರದಲ್ಲಿ ಬೂಟಿನ ಅಂಗಡಿ ಇಟ್ಟಿರುವ ಸಿಕಂದರ ಹಳೆಯ ಗೆಳೆಯ, ಅವನ ಅಂಗಡಿಯ ಬೋರ್ಡು ಬರೆದವನು ನಾನೇ. "ರಮಜಾನ್ ಗದ್ದಲದಾಗ ನನಗೊಬ್ಬ ಮನಷ್ಯಾ ಬೇಕು, ಬಾ ಪೇಂಟರ್" ಅಂದ. ಬಂದೆ. ಬೋರ್ಡು ಬರೆಯುವಾಗ ಏಣಿಯ ಮೇಲೆ ನಿಂತು ಊರನ್ನು ಕೆಳಗೆ ನೋಡುತ್ತಿದ್ದೆ. ಈಗ ಕುಕ್ಕರಗಾಲಲ್ಲಿ ಕೂತು ಊರಿನ ಕಾಲಬೆರಳು ನೋಡುತ್ತೇನೆ.

೭ ಜೂನ್, ಗುರುವಾರ

ಕಾಲೇಜು ಹುಡುಗರ ಕಾಟ. ಎಲ್ಲರಿಗೂ ಕಣಕಾಲಿನ ಮೇಲೆ ಬರುವ ಎತ್ತರದ ಬೂಟೇ ಬೇಕು. ಅದಕ್ಕೆ ಹೈ ಟಾಪ್ ಅನ್ನುತ್ತಾರೆ. ಸುಡು ಬಿಸಿಲಲ್ಲಿ ಅದರೊಳಗೆ ಕಾಲು ಕೊಳೆಯುತ್ತದೆ ಎಂದು ಹೇಳಿದರೆ ನಗುತ್ತಾರೆ. ಕಟ್ಟುವುದಂತೂ ಇಲ್ಲ. ಲೇಸ್ ಬಿಚ್ಚಿ ಬಿಟ್ಟು ಗಟಾರದ ನೀರಿನಲ್ಲಿ ಎಳೆದುಕೊಂಡು ಬಂದು, ಅದೇ ತುದಿಯನ್ನು ನನ್ನ ಕೈಗೆ ಕೊಟ್ಟು, ಫೋನಿನಲ್ಲಿ ಚಿತ್ರ ತೋರಿಸಿ, "ಅಂಕಲ್, ಹಿಂಗ ಹಾಕಿ ಕೊಡ್ರಿ" ಅನ್ನುತ್ತಾರೆ. ಹಸಿ ಲೇಸ್ ಮುಟ್ಟಿದಾಗ ಎರೆಹುಳು ಮುಟ್ಟಿದ ಹಾಗಾಯಿತು.

ಸಿಕಂದರನಿಗೆ ವ್ಯಾಪಾರದ ಹುಚ್ಚು. ಗಾಜಿನ ಕಪಾಟಿನಲ್ಲಿ ಆರು ಬೂಟು ಆರು ತರಹ ಕಟ್ಟಿ ಇಡು ಅಂದ. ಹೊಸ ಬೂಟು, ಯಾರ ಕಾಲೂ ಒಳಗೆ ಹೋಗಿರದ ಬೂಟು. ಅದೊಂದೇ ಸಮಾಧಾನ. ಕೂತು ಕಟ್ಟಿದೆ. ಒಂದಕ್ಕೆ ಸಾದಾ ಅಡ್ಡಕತ್ತರಿ. ಒಂದಕ್ಕೆ ಬರೀ ಅಡ್ಡಪಟ್ಟಿ, ನೋಟ್‌ಬುಕ್ಕಿನ ಗೆರೆಗಳ ಹಾಗೆ. ಒಂದಕ್ಕೆ ಏಣಿ: ಅಂಚಿನಲ್ಲಿ ಉದ್ದಕ್ಕೆ ಹೋದ ಲೇಸಿನ ಕೆಳಗೆ ಅಡ್ಡ ಎಳೆ ತೂರಿಸಬೇಕು. ಒಂದಕ್ಕೆ ಜಾಳಿಗೆ, ಬಾಣಂತಿಯ ಮಂಚಕ್ಕೆ ಹಗ್ಗ ಹೆಣೆದ ಹಾಗೆ. ಜಾಳಿಗೆ ಬಹಳ ಚೆಂದ ಬಂತು. ಎರಡೂ ಕಡೆ ಕೋನ ಸಮ ಬರಬೇಕು, ಇಲ್ಲದಿದ್ದರೆ ಕಣ್ಣಿಗೆ ಚುಚ್ಚುತ್ತದೆ. ಅಕ್ಷರದ ನಡುವೆ ಜಾಗ ಬಿಟ್ಟಂತೆಯೇ.

ಹಿಂದೆ ಸರಿದು ನೋಡಿದೆ. ಥೂ, ಬೂಟಿಗೆ ಇಷ್ಟು ಹೊತ್ತು ಹಾಳು ಮಾಡಿದೆನಲ್ಲ ಅನ್ನಿಸಿತು.

೧೧ ಜೂನ್, ಸೋಮವಾರ

ಬಸ್ಸಿನಲ್ಲಿ ಪಕ್ಕದವನು ಚಪ್ಪಲಿ ಬಿಟ್ಟು ಕಾಲನ್ನು ಎದುರಿನ ಸೀಟಿಗೆ ಇಟ್ಟಿದ್ದ. ಎಂಟು ನಂಬರ್. ಎಡಗಾಲು ಸ್ವಲ್ಪ ಅಗಲ. ನೋಡಬಾರದು ಎಂದು ಕಿಟಕಿ ಕಡೆ ತಿರುಗಿದೆ.

೧೩ ಜೂನ್, ಬುಧವಾರ

ಹಬ್ಬಕ್ಕೆ ಮೂರು ದಿನ. ಅಂಗಡಿಯಲ್ಲಿ ನಿಲ್ಲಲು ಜಾಗ ಇಲ್ಲ. ಸಿಕಂದರ ರೋಜಾ ಹಿಡಿದು ಒಣಗಿದ ಬಾಯಲ್ಲೇ ಗಿರಾಕಿ ಸುಧಾರಿಸುತ್ತಿದ್ದ. ಆಗ ಒಬ್ಬ ಹೆಂಗಸು ಬಂದಳು. ಮೂವತ್ತರ ಆಸುಪಾಸು. ಗೋಗಿಯವಳು, ಹೆಸರು ದೇವಕಮ್ಮ ಎಂದಳು. ಎಲ್ಲರೂ ಹೋಗುವ ತನಕ ಮೂಲೆಯಲ್ಲಿ ನಿಂತಿದ್ದು, ಆಮೇಲೆ ಸ್ಟೂಲಿನ ಮೇಲೆ ಕೂತು, "ಅಣ್ಣಾರ, ಎತ್ತರದ ಬೂಟು ತೋರಸ್ರಿ" ಅಂದಳು.

ಸೀರೆಯ ಅಂಚು ಸ್ವಲ್ಪ ಎತ್ತಿದಳು.

ಬಲಗಾಲು ಎಲ್ಲರ ಕಾಲಿನ ಹಾಗಿತ್ತು. ಎಡಗಾಲು ಆನೆಕಾಲು. ಮೊಣಕಾಲಿನಿಂದ ಕೆಳಗೆ ಒಂದೇ ದಪ್ಪ, ಚರ್ಮ ಬೇವಿನ ಮರದ ತೊಗಟೆ. ಕಣಕಾಲು ಇರಬೇಕಾದಲ್ಲಿ ಒಂದು ಮಡಿಕೆ, ಅದರ ಸಂದಿ ಒದ್ದೆ. ಬೆರಳುಗಳು ಆ ಮಾಂಸದಲ್ಲಿ ಹೂತು ಉಗುರು ಮಾತ್ರ ಹೊರಗೆ ಕಾಣುತ್ತಿತ್ತು. ವಾಸನೆಯೂ ಬಂತು, ಹುಳಿಯಾದ ಹಿಟ್ಟಿನ ವಾಸನೆ. ಒಂದು ನೊಣ ಮಡಿಕೆಯ ಮೇಲೆ ಕೂತಿತು. ಅವಳು ಓಡಿಸಿದಳು, ಅದು ಮತ್ತೆ ಬಂದು ಕೂತಿತು.

ನಾನು ಎದ್ದು ಹಿಂಬಾಗಿಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಮುಖ ತೊಳೆದು ಒಳಗೆ ಬಂದಾಗ ಅವಳು ಇರಲಿಲ್ಲ. "ಸೈಜ್ ಇಲ್ಲಂತ ಹೇಳಿ ಕಳಸ್ದೆ" ಅಂದ ಸಿಕಂದರ. ನನ್ನ ಮುಖ ನೋಡಲಿಲ್ಲ.

೧೪ ಜೂನ್, ಗುರುವಾರ

ಬುತ್ತಿ ಮುಟ್ಟಲಿಲ್ಲ. ಅನ್ನ ನೋಡಿದರೆ ಆ ಮಡಿಕೆ ನೆನಪಾಗುತ್ತದೆ. ಅಂಥ ಕಾಲು ಇಟ್ಟುಕೊಂಡು ತುಂಬಿದ ಬಜಾರಕ್ಕೆ ಯಾಕೆ ಬರಬೇಕು? ಹಬ್ಬದ ಮುಂದೆ, ಮಕ್ಕಳು ಮರಿ ಇರುವಲ್ಲಿ? ಮನೆಯಲ್ಲಿ ಇರಬಾರದೇ?

ನಾನು ವಾಂತಿ ಮಾಡಿಕೊಂಡ ಸದ್ದು ಅವಳಿಗೆ ಕೇಳಿಸಿರಬೇಕು. ಹಿಂಬಾಗಿಲು ಹತ್ತಿರವೇ ಇದೆ.

೧೮ ಜೂನ್, ಸೋಮವಾರ

ಹಬ್ಬ ಮುಗಿದು ಅಂಗಡಿ ಬಿಕೋ ಎನ್ನುತ್ತಿತ್ತು. ದೇವಕಮ್ಮ ಮತ್ತೆ ಬಂದಳು. ಈ ಸಲ ಎಡಗಾಲಿಗೆ ಬಿಳಿ ಬಟ್ಟೆ ಸುತ್ತಿದ್ದಳು. ಕೂರುವ ಮೊದಲು ಚೀಲದಿಂದ ಒಂದು ಪ್ಲಾಸ್ಟಿಕ್ ಹಾಳೆ ತೆಗೆದು ನೆಲಕ್ಕೆ ಹಾಸಿ, ಅದರ ಮೇಲೆ ಕಾಲಿಟ್ಟಳು.

"ಸಾಬೂನು ಹಚ್ಚಿ ತೊಳಕೊಂಡು ಬಂದೀನ್ರಿ. ಅವತ್ತ ಬಸ್ಸಿನ್ಯಾಗ ತ್ರಾಸ ಆಗಿ ಒದ್ದಿ ಆಗಿತ್ತು" ಅಂದಳು. ತಪ್ಪು ಮಾಡಿದವಳ ದನಿ ಅಲ್ಲ. ಇದ್ದದ್ದು ಹೇಳಿದಳು.

ಅವಳ ಕಥೆ ಇದು. ಗೋಗಿ ಸುತ್ತ ಕಾಲುವೆ ನೀರು ಬಂದು ಭತ್ತದ ಗದ್ದೆಯಾದ ಕಾಲಕ್ಕೆ ಅವಳು ಸಣ್ಣವಳು, ನಾಟಿಗೆ ಹೋಗುತ್ತಿದ್ದಳು. ಹದಿನಾಲ್ಕಕ್ಕೆ ಕಾಲು ಬಾತಿತು. ಸೊಳ್ಳೆ ಕಡಿದು ಬರುವ ರೋಗವಂತೆ, ಒಬ್ಬರಿಂದ ಒಬ್ಬರಿಗೆ ಮುಟ್ಟಿದರೆ ಬರುವುದಿಲ್ಲವಂತೆ, ಡಾಕ್ಟರು ಹೇಳಿದ್ದಾರೆ. ಆದರೆ ಕಾಲಿಗೆ ಸಣ್ಣ ಗಾಯವಾದರೂ ಜ್ವರ ಬಂದು ವಾರಗಟ್ಟಲೆ ಮಲಗಬೇಕು. ಹಾಗೆ ಮಲಗಿ ಮಲಗಿ ಎರಡು ಕಡೆ ಕೆಲಸ ಹೋಗಿದೆ. ಗಂಡ ಬಿಟ್ಟಿದ್ದಾನೆ, ತಮ್ಮನ ಮನೆಯಲ್ಲಿ ಇದ್ದಾಳೆ. ಈಗ ಯಾದಗಿರಿಯ ಒಂದು ಹೆಣ್ಣುಮಕ್ಕಳ ವಸತಿ ನಿಲಯದಲ್ಲಿ ಅಡುಗೆ ಸಹಾಯಕಿಯ ಕೆಲಸ ಸಿಕ್ಕಿದೆ, ಜುಲೈ ಹದಿನಾರಕ್ಕೆ ಹಾಜರಾಗಬೇಕು. ಅಲ್ಲಿಯ ಮೇಲ್ವಿಚಾರಕಿ ಹೇಳಿದಳಂತೆ: "ಕೆಲಸ ಕೊಡ್ತೀನಿ, ಆದ್ರ ಆ ಕಾಲು ಹುಡುಗ್ಯಾರ ಕಣ್ಣಿಗೆ ಬೀಳಬಾರದು. ಉಣ್ಣದು ಬಿಡ್ತಾವ."

"ಅದಕ್ಕ ಮುಚ್ಚೋ ಬೂಟು ಬೇಕ್ರಿ. ಗಾಯನೂ ಆಗಂಗಿಲ್ಲ, ಕಾಣಂಗೂ ಇಲ್ಲ."

ಸಿಕಂದರ ನನ್ನ ಕಡೆ ನೋಡಿದ. ನಾನು ಹತ್ತಿರ ಹೋಗಲಿಲ್ಲ. ಬಲಕ್ಕೆ ಆರು, ಎಡಕ್ಕೆ ಒಂಬತ್ತು ನಂಬರಿನ ಕರಿ ಕ್ಯಾನ್ವಾಸಿನ ಹೈ ಟಾಪ್ ತೆಗೆದು ದೂರದಿಂದ ಸರಿಸಿದೆ. ಲೇಸಿನ ಕೆಳಗಿರುವ ಬಟ್ಟೆಯ ನಾಲಿಗೆಯ ತನಕ ಪೂರ್ತಿ ಬಿಚ್ಚಿದ್ದರಿಂದ ಕಾಲು ಒಳಗೆ ಹೋಯಿತು. "ಬಿಚ್ಚಿ ಕೊಡು, ಕಟ್ಟಿ ಕೊಡ್ತೀನಿ" ಅಂದೆ. ಬರಿ ಬೂಟು ತೆಗೆದುಕೊಂಡು ಕೌಂಟರಿನ ಹಿಂದೆ ಕೂತು ಸಡಿಲವಾಗಿ ಜಾಳಿಗೆ ಹೆಣೆದೆ. ಚೆಂದ ಕಾಣಲಿ, ಕಾಲಿನ ಕಡೆ ಯಾರೂ ನೋಡದೆ ಲೇಸಿನ ಕಡೆ ನೋಡಲಿ ಎಂದು. ಅವಳು ಕಾಲು ತೂರಿಸಿ ತಾನೇ ಬಿಗಿದುಕೊಂಡು ಕುಂಟುತ್ತ ಬಾಗಿಲ ತನಕ ಹೋಗಿ ಬಂದು ನಕ್ಕಳು.

ಉಳಿದ ಒಂಬತ್ತರ ಬಲ, ಆರರ ಎಡ ಒಂದೇ ಡಬ್ಬಿಗೆ ಹಾಕಿ ಸಿಕಂದರ ಗೊಣಗಿದ: "ಇದನ್ನ ಯಾರಿಗೆ ಮಾರಬೇಕೋ, ಅವರನ್ನೂ ನೀನೇ ಹುಡುಕಿ ತಾ."

ಪ್ಲಾಸ್ಟಿಕ್ ಹಾಳೆ ಮರೆತು ಹೋಗಿದ್ದಳು. ಕಡ್ಡಿಯಿಂದ ಎತ್ತಿ ಹೊರಗೆ ಎಸೆದೆ.

೨೩ ಜೂನ್, ಶನಿವಾರ

ದೇವಕಮ್ಮನ ತಮ್ಮ ಅಯ್ಯಪ್ಪ ಎಂಬವನು ಬೂಟು ತಂದು ಕೌಂಟರಿನ ಮೇಲೆ ಇಟ್ಟ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಲೇಸ್ ಮಡಿಕಿ ಮ್ಯಾಲ ಕೊರದು ಗಾಯ ಆಗ್ಯಾದ್ರಿ. ನಾಕ ದಿನ ಆತು, ಜ್ವರದಾಗ ನಡುಗಾಕತ್ತಾಳ. ದವಾಖಾನಿಗಿ ತೋರಿಸೀವಿ. ನಿಮಗ ಬೈಬ್ಯಾಡ ಅಂತ ಹೇಳಿ ಕಳಸ್ಯಾಳ" ಅಂದ. ಹೋದ.

ಬೂಟಿನ ಒಳಗೆ ಕಂದು ಕಲೆ ಇತ್ತು. ಬೆಳಕಿಗೆ ಹಿಡಿದು ನೋಡಿದೆ. ಅವಳ ಕಾಲು ದಪ್ಪವಾಗಿದ್ದರಿಂದ ಬೂಟಿನ ಎರಡು ಅಂಚುಗಳ ನಡುವೆ ಅಂಗೈ ಅಗಲ ಬಾಯಿ ಬಿಟ್ಟಿದೆ. ನಾಲಿಗೆ ಅಷ್ಟು ಅಗಲ ಇಲ್ಲ. ಅದರ ಎರಡೂ ಪಕ್ಕದಲ್ಲಿ ಲೇಸ್ ಚರ್ಮಕ್ಕೇ ಕೂತಿದೆ. ನನ್ನ ಜಾಳಿಗೆಯ ಗಂಟೆಲ್ಲ ಆ ಮಡಿಕೆಯ ಮೇಲೆಯೇ ಬಂದಿದೆ. ಕಾಲು ಒಳಗಿಟ್ಟು ಕಟ್ಟಿದ್ದರೆ ಐದು ವರ್ಷದ ಕೂಸಿಗೂ ಗೊತ್ತಾಗುತ್ತಿತ್ತು.

ಇಂಥ ಬೋರ್ಡು ನಾನು ಎಂದೂ ಬರೆದಿಲ್ಲ. ಗೋಡೆ ನೋಡದೆ ಅಕ್ಷರ ಬರೆದವನಲ್ಲ ನಾನು.

ನನ್ನ ಮೇಲೆ ನನಗೇ ಹೇಸಿಗೆ ಬರುತ್ತಿದೆ. ಬೇರೆಯವರ ಮೇಲೆ ಬಂದದ್ದಕ್ಕಿಂತ ಇದು ಕೆಟ್ಟದ್ದು, ತೊಳೆಯಲು ಬರುವುದಿಲ್ಲ.

೨೪ ಜೂನ್, ಭಾನುವಾರ

ಟಂಟಂ ಆಟೋದಲ್ಲಿ ಗೋಗಿಗೆ ಹೋದೆ. ಡ್ರೈವರ್ ಹದಿನಾಲ್ಕು ಜನರನ್ನು ತುಂಬಿದ್ದ, ಯಾರದೋ ಕೋಳಿ ನನ್ನ ತೊಡೆಯ ಮೇಲೆ ಹೇತಿತು. ಊರ ಬಾಯಲ್ಲಿ ಗಟಾರದ ನೀರು ನಿಂತು ಹಸಿರಾಗಿದೆ, ಅದರ ಮೇಲೆ ಸೊಳ್ಳೆ ಮೋಡ. ಅದನ್ನು ದಾಟಿಯೇ ಎಲ್ಲರೂ ಓಡಾಡುತ್ತಾರೆ, ಪಂಚಾಯಿತಿಯವರೂ ಸೇರಿ.

ದೇವಕಮ್ಮ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ನನ್ನನ್ನು ನೋಡಿ ಏಳಲು ಹೋದಳು.

"ಮಲಕೊ ತಂಗಿ. ನಂದೇ ತಪ್ಪು. ಕಾಲು ನೋಡಲಾರದ ಕಟ್ಟೀನಿ."

"ನೋಡಲಾಕ ಯಾರಿಗರೆ ಮನಸ ಬರ್ತದೇನ್ರಿ ಅಣ್ಣಾರ" ಅಂದಳು. "ನಮ್ಮವ್ವ ಸಾಯೋ ತನಕ ನೋಡಿಲ್ಲ."

ದಾರ ಕೇಳಿದೆ. ಅವಳು ಬಟ್ಟೆ ಬಿಚ್ಚಿದಳು. ಹಲ್ಲು ಕಚ್ಚಿ ಉಸಿರು ಬಾಯಿಂದ ಎಳೆದುಕೊಂಡೆ. ದಾರ ಮೊದಲು ಬೆರಳಿನ ಬುಡಕ್ಕೆ, ಆಮೇಲೆ ಪಾದದ ನಡುವಿಗೆ, ಮಡಿಕೆಯ ಕೆಳಗೆ, ಮಡಿಕೆಯ ಮೇಲೆ. ಪ್ರತಿ ಅಳತೆಗೆ ದಾರದಲ್ಲಿ ಒಂದು ಗಂಟು. ಮಡಿಕೆಯ ಹತ್ತಿರ ದಾರ ಜಾರಿತು, ಕೈಯಿಂದ ಹಿಡಿಯದೆ ಗತ್ಯಂತರ ಇರಲಿಲ್ಲ. ಹಿಡಿದೆ. ಚರ್ಮ ಒರಟು, ಆದರೆ ಬಿಸಿ ಇತ್ತು. ಯಾಕೋ ತಣ್ಣಗೆ ಇರುತ್ತದೆ ಎಂದು ತಿಳಿದಿದ್ದೆ.

"ಇಲ್ಲಿ ನೋವು ಅದೇನು?"

"ಅಲ್ಲಿಲ್ರಿ. ಸ್ವಲ್ಪ ಕೆಳಗ. ಹಾಂ, ಅಲ್ಲಿ."

ಮುಂಜಾನೆ ಬಾವು ಕಡಿಮೆ ಇರುತ್ತದಂತೆ, ಸಂಜೆಗೆ ಏರುತ್ತದಂತೆ. ಹಾಗಾದರೆ ಒಂದೇ ಅಳತೆ ಸಾಲದು ಎಂದು ಸಂಜೆ ತನಕ ಕೂತೆ. ಅಯ್ಯಪ್ಪನ ಹೆಂಡತಿ ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಖಾರ ಜಾಸ್ತಿ. ಮೂರು ರೊಟ್ಟಿ ತಿಂದೆ. ಸಂಜೆ ಅಳೆದಾಗ ಮಡಿಕೆಯ ಕೆಳಗೆ ಒಂದು ಬೆರಳಿನಷ್ಟು ವ್ಯತ್ಯಾಸ ಬಂತು, ಮೇಲೆ ಅರ್ಧ ಬೆರಳು.

ಬರುವಾಗಲೂ ಅದೇ ಟಂಟಂ. ಅದೇ ಕೋಳಿ ಇರಲಿಲ್ಲ, ಅಷ್ಟೇ.

೨೮ ಜೂನ್, ಗುರುವಾರ

ನಾಲ್ಕು ದಿನದಿಂದ ಬರೆದಿಲ್ಲ. ಒಂಬತ್ತು ನಂಬರಿನ ಬೂಟು ಮನೆಗೆ ತಂದಿದ್ದೇನೆ. ಮರದ ತುಂಡಿಗೆ ಹಳೆಯ ಬಟ್ಟೆ ಸುತ್ತಿ, ದಾರದ ಗಂಟಿಗೆ ಸರಿಯಾಗಿ ದೇವಕಮ್ಮನ ಕಾಲು ಮಾಡಿದ್ದೇನೆ. ಸುಂದ್ರಮ್ಮ ಅದನ್ನು ನೋಡಿ ಹೌಹಾರಿದಳು. ಆಮೇಲೆ ಅವಳೇ, "ಮಡಿಕಿ ಇನ್ನೂ ಹೊರಗ ಬರಬೇಕಲ್ರಿ, ನೀವು ಹೇಳಿದ್ದು ನೋಡಿದ್ರ" ಎಂದು ಇನ್ನೊಂದು ಸುತ್ತು ಸುತ್ತಿದಳು.

ಸಾದಾ ಅಡ್ಡಕತ್ತರಿ ಹಾಕಿದರೆ ಎಳೆಗಳು ಕೂಡುವಲ್ಲೆಲ್ಲ ಒತ್ತುತ್ತದೆ. ಅಡ್ಡಪಟ್ಟಿ ಒತ್ತುವುದಿಲ್ಲ, ಆದರೆ ಹಿಮ್ಮಡಿ ಜಾರುತ್ತದೆ. ಏಣಿ ಹಾಕಿದರೆ ಉದ್ದನೆಯ ಎಳೆ ಹೊರಗೇ ಉಳಿಯುತ್ತದೆ, ಒಳಗೆ ಚರ್ಮಕ್ಕೆ ತಾಗುವುದಿಲ್ಲ, ಹಿಡಿತವೂ ಇದೆ. ಮಡಿಕೆಯ ಎದುರಿನ ಒಂದು ಜೋಡಿ ತೂತು ಬಿಟ್ಟುಬಿಟ್ಟೆ. ಅಲ್ಲಿ ಲೇಸೇ ಬೇಡ.

ಆದರೂ ಒಂದು ತೊಂದರೆ. ಸಂಜೆ ಕೆಳಗೆ ಬಾವು ಬಂದಾಗ ಕೆಳಗೆ ಸಡಿಲ ಮಾಡಬೇಕು. ಒಂದೇ ಲೇಸಾದರೆ ಕೆಳಗೆ ಸಡಿಲ ಮಾಡಲು ಮೇಲಿನದೆಲ್ಲ ಬಿಚ್ಚಬೇಕು, ಮೇಲೆ ಬಿಗಿದರೆ ಕೆಳಗೂ ಬಿಗಿಯುತ್ತದೆ. ಎರಡು ದಿನ ಇದರಲ್ಲೇ ತಲೆ ಕೆಟ್ಟಿತು. ಸುಂದ್ರಮ್ಮ ಒಲೆ ಮುಂದೆ ಕೂತವಳು, "ಲಂಗಾಕ್ಕ ಬ್ಯಾರೆ ಲಾಡಿ, ಕುಬಸಕ್ಕ ಬ್ಯಾರೆ ಗುಂಡಿ. ಎರಡಕ್ಕೂ ಒಂದೇ ಯಾರರೆ ಕಟ್ಟತಾರೇನ್ರಿ?" ಅಂದಳು.

ಎರಡು ಲೇಸ್. ಕೆಳಗಿನ ನಾಲ್ಕು ಜೋಡಿ ತೂತಿಗೆ ಒಂದು, ಮೇಲಿನ ಮೂರಕ್ಕೆ ಇನ್ನೊಂದು. ನನಗೆ ಹೊಳೆಯಲಿಲ್ಲವಲ್ಲ ಎಂದು ಒಂದು ಗಳಿಗೆ ಸಿಟ್ಟು ಬಂತು. ನಾಲಿಗೆಗೆ ಎರಡೂ ಬದಿ ಹಳೆಯ ಕೌದಿಯ ಮೆತ್ತನೆ ತುಂಡು ಹೊಲಿದು ಅಗಲ ಮಾಡಿ ಕೊಟ್ಟವಳೂ ಅವಳೇ.

೫ ಜುಲೈ, ಗುರುವಾರ

ಜ್ವರ ಬಿಟ್ಟು, ಗಾಯ ಮಾಗಿ ದೇವಕಮ್ಮ ಬಂದಳು. ಕುಕ್ಕರಗಾಲಲ್ಲಿ ಕೂತು ಅವಳ ಕಾಲನ್ನು ನನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡೆ, ಇಲ್ಲದಿದ್ದರೆ ಕೋನ ಸಿಗುವುದಿಲ್ಲ. ಅವಳು ಹಿಂದಕ್ಕೆ ಎಳೆದುಕೊಂಡಳು. "ಅಲ್ಲಾಡಿಸಬ್ಯಾಡ, ಅಳತಿ ತಪ್ಪತದ" ಎಂದು ಗದರಿಸಿದೆ.

ಕೆಳಗಿನ ಲೇಸ್ ಸಡಿಲ, ಮೇಲಿನದು ಹದ. ಅವಳೇ ಬಿಚ್ಚಿ ಅವಳೇ ಕಟ್ಟಲಿ ಎಂದು ಮೂರು ಸಲ ಮಾಡಿಸಿದೆ. ಬಸ್‌ಸ್ಟ್ಯಾಂಡಿನ ತನಕ ನಡೆದು ಹೋಗಿ ಬಾ ಅಂದೆ. ಹೋದವಳು ಅರ್ಧ ಗಂಟೆಯಾದರೂ ಬರಲಿಲ್ಲ. ಮತ್ತೆ ಕೊರೆಯಿತೇನೋ ಎಂದು ಬಾಗಿಲಲ್ಲಿ ನಿಂತೆ. ಬಂದಳು, ಬೆವತಿದ್ದಳು.

"ಏನಾತು?"

"ಏನಿಲ್ರಿ. ಸುಮ್ಮ ನಡದೆ. ಯಾರೂ ಕೆಳಗ ನೋಡಲಿಲ್ಲ. ಅದಕ್ಕ ಇನ್ನಷ್ಟು ನಡದೆ."

ಆಗಲೇ ಒಬ್ಬ ಕಾಲೇಜು ಹುಡುಗ ಒಳಗೆ ಬಂದು, ಅವಳ ಕಾಲಿನ ಮೇಲಿನ ಎರಡು ಲೇಸ್ ನೋಡಿ, "ಅಂಕಲ್, ಇದು ಹೊಸಾ ಸ್ಟೈಲೇನು, ನಂಗೂ ಹಾಕಿ ಕೊಡ್ರಿ" ಅಂದ. ಅವನ ಸಾಕ್ಸಿನ ವಾಸನೆಗೆ ತಲೆ ತಿರುಗಿತು. ಇಷ್ಟು ಒಳ್ಳೆಯ ಕಾಲು ಇಟ್ಟುಕೊಂಡು ತೊಳೆಯಲು ಏನು ಧಾಡಿ ಇವರಿಗೆ.

೧೬ ಜುಲೈ, ಸೋಮವಾರ

ಇವತ್ತು ದೇವಕಮ್ಮ ಕೆಲಸಕ್ಕೆ ಹಾಜರಾಗಿರಬೇಕು. ಬೆಳಗಿನಿಂದ ಮೂರು ಜನರಿಗೆ ತಪ್ಪು ನಂಬರ್ ಕೊಟ್ಟೆ.

೧೭ ಜುಲೈ, ಮಂಗಳವಾರ

ಅಯ್ಯಪ್ಪ ಫೋನ್ ಮಾಡಿದ. ದೇವಕಮ್ಮನನ್ನು ಅಡುಗೆಮನೆಯ ಬಾಗಿಲಲ್ಲೇ ನಿಲ್ಲಿಸಿದರಂತೆ. "ಬೂಟು ಹಾಕ್ಕೊಂಡು ಅಡುಗಿಮನಿ ಒಳಗ ಬರ್ತಿಯೇನು? ಅನ್ನ ಬೇಯಿಸೋ ಜಾಗ" ಎಂದಳಂತೆ ಮೇಲ್ವಿಚಾರಕಿ. ಬಿಚ್ಚಿದರೆ ಕಾಲು ಕಾಣುತ್ತದೆ, ಬಿಚ್ಚದಿದ್ದರೆ ಒಳಗೆ ಬರಬಾರದು. ಹೊರಗಿನ ಕಟ್ಟೆಯ ಮೇಲೆ ದಿನವಿಡೀ ಅಕ್ಕಿ ಆರಿಸಿ ಬಂದಿದ್ದಾಳೆ. ಗುರುವಾರದ ತನಕ ಏನಾದರೂ ವ್ಯವಸ್ಥೆ ಮಾಡಿಕೊ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದಿದ್ದಾಳಂತೆ ಆ ಮೇಲ್ವಿಚಾರಕಿ.

ಇಂಥ ಹೊಲಸು ಜನ. ಮಕ್ಕಳ ಅನ್ನಕ್ಕೆ ಹುಳ ಬಿದ್ದ ಬೇಳೆ ಹಾಕಿದರೂ ನಡೆಯುತ್ತದೆ, ಕಾಲು ಮಾತ್ರ ನಡೆಯುವುದಿಲ್ಲ. ಬೇಳೆಯ ಸುದ್ದಿ ನನಗೆ ಗೊತ್ತಿಲ್ಲ, ಸಿಟ್ಟಿಗೆ ಬರೆದೆ.

೧೮ ಜುಲೈ, ಬುಧವಾರ

ಸಿಕಂದರನಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡು, "ನಮ್ಮ ಮನ್ಯಾಗ ಸಂಡಾಸಕ್ಕ ಬ್ಯಾರೆ ಚಪ್ಪಲ್, ಹೊರಗ ಬ್ಯಾರೆ ಚಪ್ಪಲ್. ಅಡುಗಿಮನಿಗಿ ಬ್ಯಾರೆ ಬೂಟ್ ಇರಬಾರದೇನು? ರಸ್ತಾ ಮುಟ್ಟಲಾರದ್ದು?" ಅಂದ.

ಬಿಳಿ ಕ್ಯಾನ್ವಾಸಿನ ಜೋಡಿ ತೆಗೆದೆವು, ಬಲ ಆರು, ಎಡ ಒಂಬತ್ತು. ದಿನಾ ತೊಳೆದು ಒಣಗಿಸಬಹುದು, ಕೊಳೆ ಕೂತರೆ ಕಾಣುತ್ತದೆ. ಅಂಗಡಿಯಲ್ಲಿ ಈಗ ಒಂದೊಂದೇ ಉಳಿದ ಬೂಟಿನ ಡಬ್ಬಿ ಎರಡಾದವು. "ಇನ್ನ ಹೊರಗಿನ ಬೋರ್ಡ್ ಒರಸಿ ಒಂಟಿ ಬೂಟಿನ ಅಂಗಡಿ ಅಂತ ಬರಿ ಪೇಂಟರ್" ಅಂದ. ಬಯ್ದನೋ ನಕ್ಕನೋ ಗೊತ್ತಾಗಲಿಲ್ಲ.

ಸುಂದ್ರಮ್ಮ ನಾಲಿಗೆ ಹೊಲಿದಳು. ಲೇಸ್ ನಾನು ಹಾಕಿದೆ.

೧೯ ಜುಲೈ, ಗುರುವಾರ

ದೇವಕಮ್ಮನ ಜೊತೆ ಯಾದಗಿರಿಗೆ ಹೋದೆ. ಮೇಲ್ವಿಚಾರಕಿ ಕಚೇರಿಯಲ್ಲಿ ಕೂತಿದ್ದಳು, ಐವತ್ತರ ಹೆಂಗಸು, ಮೇಜಿನ ಮೇಲೆ ಕೈ ತೊಳೆಯುವ ಎಣ್ಣೆಯಂಥ ಔಷಧಿಯ ಬಾಟಲಿ. ನಾವು ಒಳಗೆ ಹೋದಕೂಡಲೇ ಅಂಗೈಗೆ ಹಾಕಿಕೊಂಡು ಉಜ್ಜಿದಳು. ಅವಳನ್ನು ದ್ವೇಷಿಸಬೇಕು ಎಂದೇ ಹೋಗಿದ್ದೆ. ಆ ಉಜ್ಜುವ ಕೈ ನೋಡಿದಾಗ ಎರಡು ಸಲ ಸಾಬೂನು ಹಚ್ಚಿದ ನನ್ನ ಕೈ ನೆನಪಾಯಿತು.

ದೇವಕಮ್ಮನೇ ಮಾತಾಡಿದಳು. "ಮೇಡಂ, ಈ ಬಿಳಿ ಬೂಟು ಅಡುಗಿಮನಿದು. ಬಾಗಲದಾಗ ಹಾಕ್ಕೊಂತೀನಿ, ಬಾಗಲದಾಗ ಬಿಚ್ಚತೀನಿ, ದಿನಾ ತೊಳಿತೀನಿ. ರಸ್ತಾಕ್ಕ ಇಡಂಗಿಲ್ಲ."

"ಬೂಟು ಬೂಟೇ ಅಲ್ಲೇನು?" ಅಂದಳು ಮೇಲ್ವಿಚಾರಕಿ. "ನನಗ ಅದನ್ನ ನೆನಸಿದ್ರ ಊಟ ಸೇರಂಗಿಲ್ಲ ದೇವಕಮ್ಮ. ಸುಳ್ಳ ಯಾಕ ಹೇಳ್ಲಿ."

"ಹಂಗಾರ ಒಮ್ಮಿ ನೋಡಿಬಿಡ್ರಿ" ಅಂದಳು ದೇವಕಮ್ಮ. "ನೆನಸೋದ್ಕಿಂತ ನೋಡಿದ್ದು ಸಣ್ಣದಿರ್ತದ."

ಕುರ್ಚಿಯ ಮೇಲೆ ಕೂತು ಕರಿ ಬೂಟಿನ ಮೇಲಿನ ಲೇಸ್ ಬಿಚ್ಚಿದಳು. ಆಮೇಲೆ ಕೆಳಗಿನದು. ಅವಸರ ಮಾಡಲಿಲ್ಲ. ಸಾಕ್ಸ್ ತೆಗೆದಳು. ತೊಳೆದು ಒರೆಸಿದ ಕಾಲು, ವಾಸನೆ ಇರಲಿಲ್ಲ. ಮಡಿಕೆಯಲ್ಲಿ ಬಿಳಿ ಪೌಡರು. ಮೇಲ್ವಿಚಾರಕಿ ಗೋಡೆಯ ಕಡೆ ತಿರುಗಿದಳು. ದೇವಕಮ್ಮ ಕಾಲು ಮುಚ್ಚಲಿಲ್ಲ, ಕಾದಳು. ಕಡೆಗೆ ಮೇಲ್ವಿಚಾರಕಿ ತಿರುಗಿ ನೋಡಿದಳು.

"ನೋವಾಗತದೇನು?" ಅಂದಳು.

"ಜ್ವರ ಬಂದಾಗ ಆಗತದ್ರಿ."

"ನಾಳಿಂದ ಒಳಗ ಬಾ. ಬಿಳಿದು ಹಾಕ್ಕೊಂಡು. ಮೊದಲ ಹಿಟ್ಟು ಕಲಸೋದು ಬ್ಯಾಡ, ಕಾಯಿಪಲ್ಯ ಹೆಚ್ಚು."

ಹಿಟ್ಟು ಯಾಕೆ ಬೇಡ ಎಂದು ಕೇಳಲು ಬಾಯಿ ತೆರೆದೆ. ದೇವಕಮ್ಮ ನನ್ನ ಅಂಗಿ ಎಳೆದಳು. ಹೊರಗೆ ಬಂದ ಮೇಲೆ, "ಹಿಟ್ಟು ಆಮ್ಯಾಲ ನೋಡೋಣ್ರಿ ಅಣ್ಣಾರ" ಅಂದಳು.

೨ ಆಗಸ್ಟ್, ಗುರುವಾರ

ಕಾಲುವೆಗೆ ನೀರು ಬಿಟ್ಟಿದ್ದಾರೆ. ಬಸ್ಸು ಸೇತುವೆಯ ಮೇಲೆ ನಿಂತಾಗ ನಾನು ಬರೆದ ಬೋರ್ಡು ನೋಡಿದೆ. ಬಣ್ಣ ಹೋಗಿದೆ, ಅದರ ಮೇಲೆ ಯಾರೋ ಎಲೆಅಡಿಕೆ ಉಗಿದಿದ್ದಾರೆ. ಅದರ ಕೆಳಗೇ ಹುಡುಗರು ಈಜುತ್ತಿದ್ದರು. ಊರೇ ಹೊಲಸು.

ದೇವಕಮ್ಮ ಈಗ ಹಿಟ್ಟು ಕಲಸುತ್ತಾಳಂತೆ. ಅಯ್ಯಪ್ಪ ಹೇಳಿದ.

೬ ಆಗಸ್ಟ್, ಸೋಮವಾರ

ಅಂಗಡಿ ತೆರೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೂತಿದ್ದಳು. ತಿಮ್ಮವ್ವ, ಮುದನಾಳದವಳು. ಮೊಮ್ಮಗಳು ಆ ವಸತಿ ನಿಲಯದಲ್ಲಿ ಓದುತ್ತಾಳೆ, ಅವಳನ್ನು ನೋಡಲು ಹೋದಾಗ ದೇವಕಮ್ಮನ ಬೂಟು ನೋಡಿದ್ದಾಳೆ. ಮೊದಲ ಬಸ್ಸಿಗೆ ಒಬ್ಬಳೇ ಬಂದಿದ್ದಾಳೆ. ಬಲಗಾಲಿಗೆ ಗೋಣಿಚೀಲ ಸುತ್ತಿ ಹುರಿಯಿಂದ ಕಟ್ಟಿದ್ದಳು.

"ಬಿಚ್ಚವ್ವ, ಅಳತಿ ತಗೋತೀನಿ" ಅಂದೆ.

ಬಿಚ್ಚಲಿಲ್ಲ. ಗೋಣಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. "ಮ್ಯಾಲಿಂದನೇ ಅಳಿಯಪ್ಪ. ಇಪ್ಪತ್ತ ವರ್ಷ ಆತು, ಹೆತ್ತ ಮಗಗೂ ತೋರಿಸಿಲ್ಲ. ನೀ ನೋಡಿದ್ರ ಉಣ್ಣಂಗಿಲ್ಲ."

ಮೇಲಿಂದ ಅಳೆದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಎಷ್ಟು ಹೇಳಿದರೂ ಕೇಳಲಿಲ್ಲ. ಸಿಕಂದರ ಚಹಾ ತರಿಸಿದ. ಕುಡಿದಳು, ಬಿಚ್ಚಲಿಲ್ಲ. ಬಿಸಿಲು ಒಳಗೆ ಬಂತು, ಗಿರಾಕಿಗಳು ಬಂದು ಹೋದರು. ನನಗೂ ಸಾಕಾಯಿತು. ಅವಳ ಎದುರು ನೆಲದ ಮೇಲೆ ಕೂತು ನನ್ನ ಬೂಟು ತೆಗೆದೆ, ಸಾಕ್ಸ್ ತೆಗೆದೆ. ಇಪ್ಪತ್ತೆರಡು ವರ್ಷ ಬಣ್ಣ ಬಿಡಿಸುವ ಟರ್ಪಂಟೈನಿನಲ್ಲಿ ಬೆಂದ ಕಾಲು. ಹಿಮ್ಮಡಿ ಸೀಳಿ ಕಪ್ಪಾಗಿದೆ, ಕಿರುಬೆರಳಿನ ಉಗುರು ಸುರುಳಿ ಸುತ್ತಿ ಹಳದಿಯಾಗಿದೆ, ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಎದ್ದಿದೆ. ವಾಸನೆ ನನಗೇ ತಡೆಯಲಾಗಲಿಲ್ಲ. ಇದಕ್ಕಿಂತ ಹೊಲಸು ಕಾಲು ಈ ಎರಡು ತಿಂಗಳಲ್ಲಿ ಅಂಗಡಿಗೆ ಬಂದಿಲ್ಲ.

"ಮೊದಲ ನಂದು ನೋಡವ್ವ" ಎಂದು ಅವಳ ಮುಂದೆ ಚಾಚಿದೆ.

ತಿಮ್ಮವ್ವ ಬಗ್ಗಿ ನೋಡಿದಳು. ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ತೊಳಿಯಂಗಿಲ್ಲೇನೋ ಮಾರಾಯ" ಅಂದಳು. ಆಮೇಲೆ ಹುರಿಯ ಗಂಟಿಗೆ ಕೈ ಹಾಕಿದಳು.